ಸೋರ್ಸ್ ಕೋಡ್ ಪ್ರೊ: ಒಂದು ವಿಮರ್ಶೆ

ಟೈಪ್‌ರೈಟರಿನಂತೆ ಪ್ರತಿ ಅಕ್ಷರಕ್ಕೂ ಒಂದೇ ಅಗಲ ಕೊಡುವ ಫಾಂಟುಗಳು ಪ್ರೋಗ್ರಾಂ ಬರೆಯುವವರಿಗೆ ಅಚ್ಚುಮೆಚ್ಚು. ಪಾಲ್ ಹಂಟ್ ರೂಪಿಸಿದ 'ಸೋರ್ಸ್ ಕೋಡ್ ಪ್ರೊ' ಅಂಥದೊಂದು. ಅಡೋಬಿ ಸಂಸ್ಥೆ 2012ರಲ್ಲಿ ಇದನ್ನು ಮುಕ್ತ ಪರವಾನಗಿಯಡಿ ಹೊರತಂದಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಸೊನ್ನೆಯ ಹೊಟ್ಟೆಯಲ್ಲಿ ಚುಕ್ಕಿಯಿಟ್ಟು ಇಂಗ್ಲಿಷಿನ 'ಓ'ದಿಂದ ಬೇರ್ಪಡಿಸಿದ್ದಾರೆ. ಸಣ್ಣ 'ಎಲ್'ಗೆ ಬಾಲ ಕೊಟ್ಟು ಅಂಕೆ ಒಂದರಿಂದ ದೂರವಿಟ್ಟಿದ್ದಾರೆ. ಒಂದಕ್ಷರ ತಪ್ಪಿದರೆ ಇಡೀ ಲೆಕ್ಕ ಕೆಡುವ ಕೆಲಸದಲ್ಲಿ ಇವನ್ನು ನಾವು ಅಲಂಕಾರವೆನ್ನಲಾರೆವು.

ಕೊರತೆಯೂ ಉಂಟು. ಲ್ಯಾಟಿನ್, ಗ್ರೀಕ್, ಸಿರಿಲಿಕ್ ಲಿಪಿಗಳಿವೆ; ಕನ್ನಡವಿಲ್ಲ. ಪ್ರೋಗ್ರಾಮಿನ ನಡುವೆ ಕನ್ನಡದಲ್ಲಿ ಟಿಪ್ಪಣಿ ಬರೆದರೆ ಬೇರೆ ಫಾಂಟು ನುಸುಳಿ ಕಾಲಮ್ಮುಗಳ ಸಾಲು ತಪ್ಪುತ್ತದೆ. 'ರ'ಕ್ಕೂ 'ಸ್ತ್ರೀ'ಗೂ ಒಂದೇ ಅಗಲ ಹೊಂದಿಸುವುದು ಸುಲಭವಲ್ಲ, ನಿಜ. ಒಂದಕ್ಕೆ ಒಂದು ಮನೆ, ಇನ್ನೊಂದಕ್ಕೆ ಎರಡು ಮನೆ ಎಂದಾದರೂ ಅಳತೆ ಹಾಕಬಹುದಲ್ಲ? ತಿದ್ದುವ ಹಕ್ಕನ್ನು ಪರವಾನಗಿಯೇ ಕೊಟ್ಟಿದೆ. ಕನ್ನಡದ ಅಕ್ಷರಶಿಲ್ಪಿಗಳು ಮನಸ್ಸು ಮಾಡಲಿ ಎಂಬುದೇ ನಮ್ಮ ಅಪೇಕ್ಷೆ.