ಹದಿನೇಳು ಸಾಕು, ಇಪ್ಪತ್ತಾರು ದುಬಾರಿ

ಹಳೆಯ ರೈಲ್ವೆ ಕಿಸೆ ಗಡಿಯಾರ ಕೂಡಿಡುವವರ ಲೆಕ್ಕವೇ ಬೇರೆ. ಅಮೆರಿಕದ ಹ್ಯಾಮಿಲ್ಟನ್ ಕಂಪನಿಯ 992 ಮಾದರಿಯಲ್ಲಿ 21 ಜ್ಯುವೆಲ್, ಅಂದರೆ ಯಂತ್ರದೊಳಗಿನ ಕಲ್ಲು; 950ರಲ್ಲಿ 23. ಎರಡೂ ರೈಲ್ವೆ ನೌಕರಿಗೆಂದೇ ತಯಾರಾದವು. ಆದರೂ 950 ಕಂಡರೆ ಸಂಗ್ರಾಹಕರ ಕಣ್ಣರಳುತ್ತದೆ, 992 ಕಂಡರೆ ಅಷ್ಟಿಲ್ಲ.

ಆ ಆಕರ್ಷಣೆ ಎರಡು ಹೆಚ್ಚುವರಿ ಕಲ್ಲಿನ ಬೆಲೆಯಿಂದ ಬಂದದ್ದಲ್ಲ. ಕೃತಕ ಮಾಣಿಕ್ಯ ತಯಾರಿಸುವ ವರ್ನೊಯ್ ವಿಧಾನ 1902ರಲ್ಲಿ ಹೊರಬಂದ ಮೇಲೆ ಗಡಿಯಾರದ ಕಲ್ಲು ಅಗ್ಗದ ಸರಕಾಯಿತು. ಚಿನ್ನದಂಗಡಿಗೆ ಒಯ್ದರೆ ಅದಕ್ಕೆ ಕವಡೆ ಕಾಸೂ ಹುಟ್ಟದು. ಅದರ ಕೆಲಸ ಬೇರೆ: ಚಕ್ರದ ಅಚ್ಚಿನ ಸೂಕ್ಷ್ಮ ತುದಿ ತಿರುಗುವ ಗೂಡು ಸವೆಯದಂತೆ ಕಾಯುವುದು. ಬ್ಯಾಲೆನ್ಸ್‌ನಿಂದ ನಡುಚಕ್ರದವರೆಗೆ ಎಲ್ಲ ಕೀಲುಗಳಿಗೂ ಕಲ್ಲು ಕೂಡಿಸಿದರೆ ಲೆಕ್ಕ 17ಕ್ಕೆ ನಿಲ್ಲುತ್ತದೆ. ಇನ್ನು ನಾಲ್ಕು ಮುಚ್ಚಳ ಕಲ್ಲು ಸೇರಿಸಿದರೆ 21, ಸ್ಪ್ರಿಂಗ್ ಸುತ್ತಿಟ್ಟ ಡಬ್ಬಿಗೂ ಎರಡು ಕೊಟ್ಟರೆ 23. ಅಲ್ಲಿಂದಾಚೆ ಲಾಭ ಕಿರಿದಾಗುತ್ತ ಹೋಗುತ್ತದೆ, ಜಾಹೀರಾತಿನ ಅಕ್ಷರ ಹಿರಿದಾಗುತ್ತ ಹೋಗುತ್ತದೆ.

ರೈಲ್ವೆಯವರು 17ನ್ನೇ ಕೇಳಿದ್ದರ ಹಿಂದೆ ಒಂದು ಅಪಘಾತವಿದೆ. 1891ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊದ ಕಿಪ್ಟನ್ ಬಳಿ ಎರಡು ರೈಲು ಡಿಕ್ಕಿ ಹೊಡೆದವು. ಚಾಲಕನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದಿತ್ತು ಎಂಬುದು ಪ್ರಸಿದ್ಧ ವಿವರಣೆ. ಆಮೇಲೆ ವೆಬ್ ಬಾಲ್ ಎಂಬ ವಾಚು ವ್ಯಾಪಾರಿಯ ಮುಂದಾಳತ್ವದಲ್ಲಿ ಬಂದ ನಿಯಮಗಳು ಕೇಳಿದ್ದು ಕನಿಷ್ಠ 17 ಜ್ಯುವೆಲ್, ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪದ ನಡೆ. ರೈಲು ಸುರಕ್ಷಿತವಾಗಿ ಓಡಲು 17 ಸಾಕಿತ್ತು. ನಂತರ ಕಂಪನಿಗಳು ಪೈಪೋಟಿಗೆ ಬಿದ್ದವು. ಇಲಿನಾಯ್ ಕಂಪನಿ 26 ಜ್ಯುವೆಲ್‌ವರೆಗೂ ಹೋಯಿತು. ಇಂಥವು ತಯಾರಾದದ್ದೇ ಕೆಲವು, ಆದ್ದರಿಂದ ಸಿಗುವುದು ಅಪರೂಪ, ಆದ್ದರಿಂದಲೇ ದುಬಾರಿ. ಅಪರೂಪವನ್ನು ಉತ್ತಮಿಕೆ ಎಂದು ತಿಳಿಯುವುದು ಸಂಗ್ರಾಹಕರ ಹಳೆಯ ಕಾಯಿಲೆ. ಎಣಿಕೆಯ ಪೈಪೋಟಿ ಅಲ್ಲಿಗೂ ನಿಲ್ಲಲಿಲ್ಲ: 1964ರಲ್ಲಿ ಜಪಾನಿನ ಓರಿಯೆಂಟ್ 100 ಜ್ಯುವೆಲ್‌ನ ಕೈಗಡಿಯಾರವನ್ನೇ ತಂದಿತು! ಕೆಲಸ ಮಾಡುವ ಕಲ್ಲನ್ನಷ್ಟೇ ಎಣಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು 1974ರಲ್ಲಿ.

ಕೊಪ್ಪಳ ಜಿಲ್ಲೆಯ ಹುಲಿಹೈದರದ ಕಡೆ ಈ ಜ್ಯುವೆಲ್ ಲೆಕ್ಕದ ಬಣ್ಣ ಬೇರೆ. ಆ ಊರಿಗೆ ರೈಲೇ ಇಲ್ಲ; ಅದೇ ಜಿಲ್ಲೆಯ ಗಂಗಾವತಿಗೆ ರೈಲು ಬಂದದ್ದೂ 2019ರಲ್ಲಿ. ಕೊಪ್ಪಳ ಸೀಮೆಯಲ್ಲಿ ಕೀಲಿ ಕೊಡುವ ವಾಚೆಂದರೆ ಮದುವೆಯಲ್ಲಿ ವರನ ಕೈಗೆ ಕಟ್ಟುತ್ತಿದ್ದ ಎಚ್‌ಎಂಟಿ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ‘ಜನತಾ’ದಲ್ಲಿದ್ದದ್ದು ಅದೇ 17 ಜ್ಯುವೆಲ್. ತಾನಾಗಿ ಸುತ್ತಿಕೊಳ್ಳುವ ‘ಕಾಂಚನ್’ಗೆ 21. ಎರಡರಲ್ಲೂ ಶೋಕಿಗೆಂದು ಒಂದು ಕಲ್ಲೂ ಇಲ್ಲ. ಲಕ್ಷಾಂತರ ಮನೆಗಳಿಗೆ ಹೋದದ್ದರಿಂದ ‘ಜನತಾ’ ಅಪರೂಪವಾಗಲಿಲ್ಲ; ಇಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಅದು 26 ಜ್ಯುವೆಲ್‌ನ ಆಡಂಬರಕ್ಕಿಂತ ಪ್ರಾಮಾಣಿಕ ವಸ್ತು.

ನಮ್ಮ ಪೇಟೆಯ ಮೋಸ ಜ್ಯುವೆಲ್ ಎಣಿಕೆಯಲ್ಲಿಲ್ಲ, ಡಯಲ್‌ನಲ್ಲಿದೆ. ಹಳೆಯ ‘ಜನತಾ’ಗೆ ಹೊಸ ಬಣ್ಣ ಬಳಿದು ‘ಅಪರೂಪದ್ದು’ ಎನ್ನುತ್ತಾರೆ. ಉಗಿಬಂಡಿಯ ಚಿತ್ರವಿರುವ ರೋಸ್ಕಾಫ್ ಎಂಬ ಅಗ್ಗದ ಮಾದರಿಯ ಕಿಸೆ ಗಡಿಯಾರಕ್ಕೆ ‘ರೈಲ್ವೆ’ ಹೆಸರು ಅಂಟಿಸುತ್ತಾರೆ. ಅಂಥವುಗಳಲ್ಲಿ ಬಹಳಷ್ಟರ ಒಳಗೆ ಕಲ್ಲು ಹುಡುಕಿದರೂ ಸಿಗುವುದು ಕಷ್ಟ.

ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಅಲ್ಲಿಂದೀಚೆಗೆ ಇಂಥ ವ್ಯಾಪಾರ ಇನ್ನೂ ಬಿರುಸಾಗಿದೆ. ಕೊಳ್ಳುವವರು ಡಯಲ್ ಮೇಲಿನ ಬಣ್ಣ, ಚಿತ್ರ ನಂಬದೆ, ಹಿಂದಿನ ಮುಚ್ಚಳ ತೆಗೆಸಿ ಒಳಗಿನ ಯಂತ್ರ ನೋಡಿಯೇ ದುಡ್ಡು ಎಣಿಸಬೇಕು. ಮುಚ್ಚಳ ತೆಗೆಯಲು ಒಪ್ಪದ ಅಂಗಡಿಯಿಂದ ಎದ್ದು ಬರುವುದೇ ಲೇಸು.