ಶ್ರದ್ಧೆಯ ಇತಿಹಾಸಕ್ಕೆ ಅಳತೆ ಯಾವುದು?

ಧರ್ಮಶ್ರದ್ಧೆ ಕುಂದುತ್ತಿದೆಯೆಂದು ಭಕ್ತರು ಮತ್ತೆ ಮತ್ತೆ ಹೇಳುತ್ತಾರೆ. ಅದು ನಿಜವೇ, ನಿಜವಾದರೆ ಎಂದಿನಿಂದ, ಯಾವ ಕಾರಣದಿಂದ ಎಂಬುದನ್ನು ಇತಿಹಾಸಕಾರರು ವಿಚಾರಿಸಬೇಕು. ಈ ವಿಷಯದಲ್ಲಿ ಕೆನಡಾದ ತತ್ತ್ವಜ್ಞಾನಿ ಚಾರ್ಲ್ಸ್ ಟೇಲರ್ ಅವರ ‘ಎ ಸೆಕ್ಯುಲರ್ ಏಜ್’ (2007) ಬಹುಮಾನ್ಯವಾದ ಗ್ರಂಥ. ಸಾರ್ವಜನಿಕ ವ್ಯವಹಾರದಿಂದ ಧರ್ಮ ಹಿಂದೆ ಸರಿಯುವುದು, ನಂಬಿಕೆ ಮತ್ತು ಆಚರಣೆ ಇಳಿಯುವುದು, ನಂಬುವುದು ಹಲವು ಆಯ್ಕೆಗಳಲ್ಲಿ ಒಂದಾಗುವುದು ಎಂಬ ಮೂರು ಸಂಗತಿಗಳನ್ನು ಅವರು ಬೇರೆ ಬೇರೆಯಾಗಿ ವಿವೇಚಿಸಿದ್ದಾರೆ. ಈ ವಿವೇಚನೆ ಸ್ವೀಕಾರಾರ್ಹ. ಆದರೆ ಅವರು ಬರೆದುದು ಪಾಶ್ಚಾತ್ಯ ಕ್ರೈಸ್ತ ಜಗತ್ತಿನ ಕಥೆ. ಆ ಮಿತಿಯನ್ನು ಅವರೇ ಹೇಳಿಕೊಂಡಿದ್ದಾರೆ. ಅದರ ಅಳತೆಗಳನ್ನು ನಮ್ಮ ಸಂಶೋಧಕರು ಹಾಗೆಯೇ ಕಲ್ಯಾಣಕ್ಕೆ ತಂದರೆ ತೊಡಕು ಹುಟ್ಟುತ್ತದೆ.

ಇಂಗ್ಲೆಂಡಿನಲ್ಲಿ 1851ರ ಮಾರ್ಚ್ 30ರಂದು ಪ್ರಾರ್ಥನಾಮಂದಿರಗಳಿಗೆ ಬಂದವರನ್ನು ಎಣಿಸಿದರು. ಅಲ್ಲಿಯ ಇತಿಹಾಸಕಾರರಿಗೆ ಇಂಥ ಲೆಕ್ಕಗಳು ಮುಖ್ಯ ಆಧಾರ. ಹನ್ನೆರಡನೆಯ ಶತಮಾನದ ಶರಣರಾದರೋ ಗುಡಿಯನ್ನೂ ಪೂಜಾರಿಯನ್ನೂ ಬದಿಗಿರಿಸಿ ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದರು. ಗುಡಿಗೆ ಹೋಗುವವರ ತಲೆ ಎಣಿಸುವ ಸಂಶೋಧಕನು ಇದನ್ನೇ ಶ್ರದ್ಧಾನಾಶವೆಂದು ಬರೆಯಬೇಕಾದೀತು! ಹಾಗೆಯೇ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಜನಸಂದಣಿಯಾಗಲಿ, ಬಸವಕಲ್ಯಾಣದ 108 ಅಡಿಯ ಬಸವಪ್ರತಿಮೆಯಾಗಲಿ ಮನೆಯೊಳಗಿನ ನಿಷ್ಠೆಗೆ ಸಾಕ್ಷಿಯಾಗಲಾರವು. 2011ರ ಜನಗಣತಿಯಲ್ಲಿ ಧರ್ಮವನ್ನು ತಿಳಿಸದವರು ದೇಶದಲ್ಲಿ ಶೇಕಡಾ 0.24 ಮಾತ್ರ. ಆದರೆ ಧರ್ಮದ ಹೆಸರು ಬರೆಸುವುದು ಬೇರೆ, ನಂಬುವುದು ಬೇರೆ.

ರಾಜ್ಯದ ವಿಷಯವೂ ಸರಳವಲ್ಲ. 1948ರಲ್ಲಿ ಈ ನಾಡು ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಅರಸೊತ್ತಿಗೆ ಹೋಯಿತು, ಆದರೆ ದೇವಾಲಯಗಳನ್ನು ನೋಡಿಕೊಳ್ಳುವ ಮುಜರಾಯಿ ಇಲಾಖೆ ಇಂದಿಗೂ ಇದೆ.

ಹಾಗಾದರೆ ಆಧಾರವನ್ನು ಎಲ್ಲಿ ಹುಡುಕಬೇಕು? ಮನೆಗಳಲ್ಲಿ. ಲಿಂಗಧಾರಣೆ ಯಾವ ತಲೆಮಾರಿನವರೆಗೆ ನಡೆಯಿತು, ನಿತ್ಯಪೂಜೆ ಯಾವಾಗ ನಿಂತಿತು, ಕರಡಿಗೆ ಕೊರಳಿನಿಂದ ಜಗಲಿಗೆ ಏಕೆ ಸೇರಿತು ಎಂದು ಹಿರಿಯ ತಾಯಂದಿರನ್ನು ಕೇಳಬೇಕು. ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋದ ಮಕ್ಕಳನ್ನೂ ಕೇಳಬೇಕು. ಪೂಜೆಯನ್ನು ಬಿಟ್ಟರೂ ಕಾಯಕ-ದಾಸೋಹಗಳನ್ನು ಬಿಡದವನನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಸಂಶೋಧಕರು ಬಿಡಿಸಬೇಕಾದ ಪ್ರಶ್ನೆ. ಟೇಲರ್ ಅವರ ಗ್ರಂಥದಲ್ಲಿ ಇದಕ್ಕೆ ಉತ್ತರವಿಲ್ಲ.

ಸದ್ಭಕ್ತರೇ, ಇಂಥ ವಿಚಾರಣೆಗೆ ಮಠಗಳು ಅಂಜಬಾರದು. ದೀಕ್ಷೆಯ ದಾಖಲೆಗಳಿದ್ದಲ್ಲಿ ಅವನ್ನು ವಿದ್ವಾಂಸರ ಮುಂದಿಡಬೇಕು. ದೀಕ್ಷೆ ಕೊಟ್ಟು ಅರಿವು ಕೊಡದಿದ್ದುದೇ ಶ್ರದ್ಧೆ ಕುಂದಲು ಕಾರಣವೆಂದು ತಿಳಿದುಬಂದರೆ, ಆ ಮಾತನ್ನು ಮೊದಲು ಕೇಳಬೇಕಾದವರು ಗುರುಪೀಠದವರೇ.