ಏಳು ದಿನದ ಆಟ, ಎರಡು ವರ್ಷದ ಆಟ

ಒಂದು ಆಟಕ್ಕೆ ಏಳು ದಿನ. ಮಾಡುವವರು ಒಬ್ಬರೇ. ವಿಷಯ ಎಲ್ಲರಿಗೂ ಒಂದೇ. 2005ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಾಗಿದ್ದ ಕೈಲ್ ಗೇಬ್ಲರ್, ಕೈಲ್ ಗ್ರೇ, ಮ್ಯಾಟ್ ಕುಚಿಕ್ ಮತ್ತು ಶಾಲಿನ್ ಶೋಧನ್ ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು ಇಷ್ಟೇ. ವಿಷಯವೆಂದರೆ ಗುರುತ್ವಾಕರ್ಷಣೆ, ಗಿಡಬಳ್ಳಿ, ಹಿಂಡು ಇಂಥ ಒಂದೊಂದು ಮಾತು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ 50ಕ್ಕೂ ಹೆಚ್ಚು ಪುಟ್ಟ ವಿಡಿಯೊ ಗೇಮ್‌ಗಳು ತಯಾರಾಗಿದ್ದವು. ‘ಎಕ್ಸ್‌ಪೆರಿಮೆಂಟಲ್ ಗೇಮ್‌ಪ್ಲೇ ಪ್ರಾಜೆಕ್ಟ್’ ಎಂಬ ಈ ಪ್ರಯೋಗದ ಅನುಭವವನ್ನು ಅದೇ ವರ್ಷ ನಾಲ್ವರೂ ಸೇರಿ ಬರೆದು ಪ್ರಕಟಿಸಿದರು. ಹೊಸ ಆಟದ ಐಡಿಯಾ ಹುಡುಕುವವರಿಗೆ ಆ ಬರಹ ಇಂದಿಗೂ ಕೈಪಿಡಿ.

ಅದರಲ್ಲಿ ಚುರುಕು ಮುಟ್ಟಿಸುವ ಮಾತೊಂದಿದೆ. ಎಲ್ಲರೂ ಮೇಜಿನ ಸುತ್ತ ಕೂತು ನಡೆಸಿದ ಬ್ರೈನ್‌ಸ್ಟಾರ್ಮಿಂಗ್‌ನಿಂದ ಗೆದ್ದ ಆಟ ಒಂದೂ ಹುಟ್ಟಲಿಲ್ಲ ಎಂದು ಅವರು ಲೆಕ್ಕ ಒಪ್ಪಿಸುತ್ತಾರೆ. ಇದನ್ನು ನಂಬಲು ಕಾರಣಗಳಿವೆ. ಆಟದ ಸುಖ ಇರುವುದು ಬೆರಳು ಒತ್ತಿದ್ದಕ್ಕೆ ತೆರೆ ಕೊಡುವ ಉತ್ತರದಲ್ಲಿ. ಕಾಗದದ ಮೇಲೆ ಅದು ಕಾಣುವುದಿಲ್ಲ. ಜಪಾನಿನ ನಿಂಟೆಂಡೊ ಕಂಪನಿಯ ‘ಸ್ಪ್ಲಟೂನ್’ 2015ರಲ್ಲಿ ಬಿಡುಗಡೆಯಾಯಿತು. ಅದರ ಮೊದಲ ಮಾದರಿಯಲ್ಲಿ ಇದ್ದದ್ದು ತೋಫು ತುಂಡಿನಂಥ ಕಪ್ಪು ಬಿಳಿ ಚೌಕಗಳು. ಅವು ನೆಲಕ್ಕೆ ಬಣ್ಣ ಉಗುಳುತ್ತ ಜಾಗ ಹಿಡಿಯುತ್ತಿದ್ದವು. ಬಾಯಲ್ಲಿ ಹೇಳಿದರೆ ಯಾರ ಕಿವಿಯೂ ನಿಮಿರದು. ಆಡಿ ನೋಡಿದವರಿಗೆ ಮಾತ್ರ ಬಿಡಲಾಗಲಿಲ್ಲ. ಚೌಕಗಳ ಜಾಗಕ್ಕೆ ಮೊಲಗಳನ್ನು ತಂದು ನೋಡಿ, ಕೊನೆಗೆ ಆಟ ಇಂದು ಎಲ್ಲರೂ ಗುರುತಿಸುವ ಸ್ಕ್ವಿಡ್‌ಗಳ ಮೇಲೆ ನಿಂತಿತು.

ಪಿಟ್ಸ್‌ಬರ್ಗ್‌ನ ಆ ರಾಶಿಯಲ್ಲಿ ಹೆಸರು ಉಳಿಸಿಕೊಂಡದ್ದು ಗೇಬ್ಲರ್ ಮಾಡಿದ ‘ಟವರ್ ಆಫ್ ಗೂ’. ಅಂಟಂಟಾದ ಉಂಡೆಗಳನ್ನು ಒಂದಕ್ಕೊಂದು ಕೂಡಿಸುತ್ತ, ಓಲಾಡುವ ಗೋಪುರವನ್ನು ಬೀಳದಂತೆ ಮೇಲೇರಿಸುವುದೇ ಆಟ. ಇದು ಹುಟ್ಟಿದ ಬಗೆಯನ್ನು ಬರಹದಲ್ಲೇ ವಿವರಿಸಲಾಗಿದೆ. ಗೇಬ್ಲರ್ ಆಗ ಅರ್ಜೆಂಟೀನಾದ ಆಸ್ಟರ್ ಪಿಯಾಜೊಲ್ಲಾನ ಟ್ಯಾಂಗೋ ಸಂಗೀತ ಕೇಳುತ್ತಿದ್ದರು. ಕೇಳುತ್ತ ಕೇಳುತ್ತ ಮನಸ್ಸಿನಲ್ಲಿ ಒಂದು ಊರು ಎದ್ದಿತು: ಸಂಜೆ ಹೊತ್ತು, ಜನರೆಲ್ಲ ಮನೆಯಿಂದ ಕುರ್ಚಿ ಮೇಜು ಹೊತ್ತು ತಂದು ಊರ ನಡುವೆ ಗೋಪುರ ಕಟ್ಟುತ್ತಿದ್ದಾರೆ, ಏರಬೇಕೆಂಬ ಹಂಬಲವಿದೆ, ಕಟ್ಟುವ ಜಾಣ್ಮೆ ಇಲ್ಲ. ಆಟಗಾರ ಅವರಿಗೆ ನೆರವಾಗಬೇಕು. ಆ ಭಾವವೇ ಇಡೀ ಆಟವನ್ನು ಬರೆಸಿತು ಎಂಬುದು ಗೇಬ್ಲರ್ ಅವರ ಅಭಿಪ್ರಾಯ.

ಈ ಬರಹವನ್ನು ಓದಿದವರು ಏಳು ದಿನದ ಗಡುವನ್ನು ಎತ್ತಿಕೊಂಡರು, ಟ್ಯಾಂಗೋವನ್ನು ಅಲ್ಲೇ ಬಿಟ್ಟರು. 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್ ಬಹುಕಾಲ 48 ಗಂಟೆಯಲ್ಲಿ ಆಟ ಮಾಡಿಸುತ್ತಿತ್ತು. ಕೊಟ್ಟ ಒಂದು ವಿಷಯ ಹಿಡಿದು ಎಲ್ಲರೂ ಹೊರಡುತ್ತಾರೆ. ಗಡುವಿನಿಂದ ದೊಡ್ಡ ಲಾಭವಿದೆ: ಸೋಲು ಅಗ್ಗವಾಗುತ್ತದೆ, ಕೆಟ್ಟ ಐಡಿಯಾ ಬೇಗ ಬಯಲಾಗುತ್ತದೆ. ಆದರೆ ಗಡುವು ಜರಡಿಯ ಕೆಲಸ ಮಾಡುತ್ತದೆಯೇ ಹೊರತು ಕಾಳು ಬೆಳೆಯುವುದಿಲ್ಲ. ಕಾಳು ಸಂಗೀತದಿಂದ, ಪ್ರಯಾಣದಿಂದ, ವರ್ಷಗಟ್ಟಲೆ ತಲೆಯಲ್ಲಿ ಕೂತ ಲೋಕದಿಂದ ಬರಬೇಕು.

‘ಟವರ್ ಆಫ್ ಗೂ’ ಎಂಬ ಆ ವಾರದ ಆಟ ಮುಂದೆ ಬೆಳೆದ ಬಗೆಯೂ ಗಮನಿಸುವಂಥದ್ದು. ಗೇಬ್ಲರ್ ಮತ್ತು ರಾನ್ ಕಾರ್ಮೆಲ್ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಕೆಲಸ ಬಿಟ್ಟು, ‘ಟುಡಿ ಬಾಯ್’ ಎಂಬ ಪುಟ್ಟ ಕಂಪನಿ ಕಟ್ಟಿ, ಸುಮಾರು ಎರಡು ವರ್ಷ ದುಡಿದು 2008ರಲ್ಲಿ ‘ವರ್ಲ್ಡ್ ಆಫ್ ಗೂ’ ತಂದರು. ಬಿಡಿಸಿ ಮತ್ತೆ ಜೋಡಿಸಬಹುದಾದ ಹಸಿರು ಉಂಡೆ, ಮೇಲಕ್ಕೆ ಎಳೆಯುವ ಬಲೂನು ಉಂಡೆ ಹೀಗೆ ಒಂದೊಂದು ಹೊಸ ಉಂಡೆಯೂ ಕಟ್ಟುವ ಯೋಚನೆಯನ್ನೇ ಬದಲಿಸಿತು. ಸಂಗೀತವನ್ನೂ ಗೇಬ್ಲರ್ ಅವರೇ ರಚಿಸಿದರು. ಪ್ರತಿ ಹಂತದಲ್ಲಿ ಉಳಿದ ಉಂಡೆಗಳನ್ನು ಒಂದು ಕಾರ್ಪೊರೇಷನ್ ಹೀರಿಕೊಳ್ಳುತ್ತದೆ. ಅಲ್ಲಿ ಗುರಿಯಿಲ್ಲದೆ, ಎಷ್ಟೆತ್ತರ ಸಾಧ್ಯವೋ ಅಷ್ಟೆತ್ತರ ಗೋಪುರ ಕಟ್ಟಬಹುದು. ಬೇರೆ ಆಟಗಾರರು ಎಷ್ಟು ಎತ್ತರ ಮುಟ್ಟಿದ್ದಾರೆಂಬುದು ಆಕಾಶದಲ್ಲಿ ಮೋಡಗಳಾಗಿ ತೇಲುತ್ತದೆ. ಏಳು ದಿನದ ಮಾದರಿಯನ್ನು ಕೆಡಿಸದೆ, ಅದರ ಸುತ್ತ ದೊಡ್ಡ ಆಟ ಬೆಳೆಸಿದ ಈ ಜಾಣ್ಮೆ ಮೆಚ್ಚಬೇಕಾದ್ದು.

‘ಪೋರ್ಟಲ್’ ಎಂಬ ಆಟದ ಕಥೆಯೂ ಹೆಚ್ಚುಕಡಿಮೆ ಇದೇ. ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು ಮಾಡಿದ ‘ನಾರ್ಬಾಕ್ಯುಲರ್ ಡ್ರಾಪ್’ನಲ್ಲಿ ಗೋಡೆಯ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವ ಚಮತ್ಕಾರ ಆಗಲೇ ಇತ್ತು. ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಸೇರಿಸಿಕೊಂಡಿತು. 2007ರ ‘ಪೋರ್ಟಲ್’ನಲ್ಲಿ ಗ್ಲ್ಯಾಡೋಸ್ ಎಂಬ ಯಂತ್ರದ ನಯವಾದ, ಕ್ರೂರವಾದ ದನಿ ಸೇರಿತು. ಜನರ ನೆನಪಿನಲ್ಲಿ ಚಮತ್ಕಾರದಷ್ಟೇ ಆ ದನಿಯೂ ಉಳಿದಿದೆ.

ಬೇಗ ಮಾಡಿ, ಬೇಗ ಅಳೆಯುವ ಪದ್ಧತಿಗೆ ನಿಜವಾದ ತೊಡಕು ಬರುವುದು ಲೂಕಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ನಂಥ ಆಟದ ಮುಂದೆ. 2013ರಲ್ಲಿ ಬಂದ ಈ ಆಟದಲ್ಲಿ ಆಟಗಾರ ಕಾಲ್ಪನಿಕ ದೇಶವೊಂದರ ಗಡಿ ತಪಾಸಣಾಧಿಕಾರಿ. ವಿಮಾನ ನಿಲ್ದಾಣಗಳ ಸಾಲಿನಲ್ಲಿ ನಿಂತು ಪಾಸ್‌ಪೋರ್ಟ್ ತಪಾಸಣೆ ನೋಡಿದ್ದರಿಂದ ಪೋಪ್ ಅವರಿಗೆ ಈ ಐಡಿಯಾ ಹೊಳೆಯಿತು. ಹೆಸರು, ದಿನಾಂಕ, ಮುದ್ರೆ ತಾಳೆ ನೋಡುವ ಕೆಲಸದಲ್ಲಿ ಮೊದಲ ನಿಮಿಷದ ಮೋಜು ಏನೂ ಇಲ್ಲ. ಆದರೆ ಒಬ್ಬ ಗಂಡಸು ಗಡಿ ದಾಟುತ್ತಾನೆ, ಅವನ ಹಿಂದೆಯೇ ಬಂದ ಹೆಂಡತಿಯ ಬಳಿ ಪ್ರವೇಶ ಪರವಾನಗಿ ಇಲ್ಲ. ಬಿಟ್ಟರೆ ತಪ್ಪಿನ ಚೀಟಿ ಬೀಳುತ್ತದೆ. ಚೀಟಿ ಹೆಚ್ಚಾದರೆ ಸಂಬಳಕ್ಕೆ ಕತ್ತರಿ, ಮನೆಯಲ್ಲಿ ಊಟಕ್ಕೂ ಬಿಸಿಗೂ ಕೊರತೆ. ತಾಳೆ ನೋಡುವ ಬೇಸರವೇ ಆಗ ಹೊಟ್ಟೆ ಹಿಂಡುವ ಆಯ್ಕೆಯಾಗುತ್ತದೆ.

ಎಸ್ಟೋನಿಯಾದ ‘ಡಿಸ್ಕೊ ಎಲಿಸಿಯಮ್’ ಇನ್ನೂ ನಿಧಾನದ ಬೆಳೆ. ಟಾಲಿನ್‌ನ ಗೆಳೆಯರು ಮೇಜಿನ ಮೇಲಿನ ಪಾತ್ರಾಭಿನಯದ ಆಟ ಆಡುತ್ತ ವರ್ಷಗಳ ಕಾಲ ಒಂದು ಲೋಕ ಕಟ್ಟಿದರು. ಅವರಲ್ಲೊಬ್ಬರಾದ ರಾಬರ್ಟ್ ಕುರ್ವಿಟ್ಸ್ ಅದೇ ಲೋಕದ ಮೇಲೆ 2013ರಲ್ಲಿ ಕಾದಂಬರಿ ಬರೆದರು, ಅದು ಹೆಚ್ಚು ಮಾರಾಟವಾಗಲಿಲ್ಲ. 2019ರಲ್ಲಿ ಆ ಲೋಕ ವಿಡಿಯೊ ಗೇಮ್ ಆಗಿ ಬಂದಾಗ, ನೆನಪು ಕಳೆದುಕೊಂಡ ಪತ್ತೇದಾರನ ತಲೆಯೊಳಗೆ ಅವನ 24 ಸಾಮರ್ಥ್ಯಗಳು ವಾದ ಮಾಡುವುದನ್ನು ಕೇಳಲು ಜಗತ್ತೇ ಕೂತಿತು. ಇದನ್ನು 48 ಗಂಟೆಯ ಜಾಮ್‌ಗೆ ಒಯ್ದಿದ್ದರೆ ತೋರಿಸಲು ಸಿಗುತ್ತಿದ್ದದ್ದು ಒಂದೆರಡು ಪುಟದ ಮಾತುಕತೆ. ತೀರ್ಪುಗಾರರು ಪಕ್ಕದ ಮೇಜಿನ ಓಡುವ, ಹಾರುವ ಆಟದ ಕಡೆ ಹೋಗಿಬಿಡುತ್ತಿದ್ದರು.